ಅಣು ವಿಮಾನವಾಹಕ ನೌಕೆಗೆ ನಿವೃತ್ತಿ ಯಾವಾಗ? ಲೆಕ್ಕ ಹಾಕುವ ಬಗೆ

ನಮ್ಮ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಅರ್ಗಾದ ನೌಕಾನೆಲೆಗೆ ಬರುವುದು ಕಂಡಾಗ ಕಾರವಾರದಲ್ಲಿ ಯಾರಾದರೂ ಕೇಳುವ ಮೊದಲ ಪ್ರಶ್ನೆ, "ಇದಕ್ಕೆ ವಯಸ್ಸೆಷ್ಟಾಯ್ತು?" ಉತ್ತರ ಎರಡಿವೆ. ಸೋವಿಯತ್ ನೌಕಾಪಡೆ ಸೇರಿದ 1987ರಿಂದ ಎಣಿಸಿದರೆ ಒಂದು, ಭಾರತದ ಧ್ವಜ ಏರಿದ 2013ರ ನವೆಂಬರ್ 16ರಿಂದ ಎಣಿಸಿದರೆ ಇನ್ನೊಂದು. ನಿವೃತ್ತಿಯ ನಿರ್ಧಾರಕ್ಕೆ ಎರಡೂ ಅಷ್ಟಾಗಿ ಒದಗುವುದಿಲ್ಲ. ಬೈತಖೋಲದಲ್ಲಿ ಹಳೇ ಟ್ರಾಲ್ ಬೋಟು ಕೊಳ್ಳುವವನನ್ನು ನೋಡಿ. ಇಸವಿ ಕೇಳಿ ಸುಮ್ಮನಾಗುವುದಿಲ್ಲ. ಹಲಗೆ ಎಲ್ಲಿ ಮೆತ್ತಗಾಗಿದೆ, ಇಂಜಿನ್ ಎಷ್ಟು ತಾಸು ಓಡಿದೆ, ಕಳೆದ ಮಳೆಗಾಲದಲ್ಲಿ ದಡಕ್ಕೆಳೆದಾಗ ಏನೇನು ಬದಲಾಯಿಸಿದ್ದೀರಿ ಎಂದು ಕೇಳುತ್ತಾನೆ. ಲಕ್ಷ ಟನ್ನಿನ ಹಡಗಿಗೂ ಪ್ರಶ್ನೆ ಅದೇ. ಉತ್ತರಿಸುವ ಕಾಗದಗಳು ಮಾತ್ರ ಬೇರೆ.

ವಿಕ್ರಮಾದಿತ್ಯ ಓಡುವುದು ಬಾಯ್ಲರಿನ ಹಬೆಯಿಂದ, ಹೊಸ ವಿಕ್ರಾಂತ ಗ್ಯಾಸ್ ಟರ್ಬೈನಿನಿಂದ. ಅಣುಶಕ್ತಿಯ ವಿಮಾನವಾಹಕಗಳನ್ನು ಕಡಲಿಗಿಳಿಸಿ ದಶಕಗಳ ಕಾಲ ನಡೆಸಿದ ಅನುಭವ ಇರುವುದು ಅಮೆರಿಕ ಮತ್ತು ಫ್ರಾನ್ಸಿಗೆ. ಆದ್ದರಿಂದ ಇಲ್ಲಿನ ಅಣು ಲೆಕ್ಕಗಳೆಲ್ಲ ಆ ಎರಡು ದೇಶಗಳವು. ಹೋಲಿಕೆಗೆ ನಮ್ಮ ಹಡಗುಗಳಿವೆ, ಕೈಗಾ ಇದೆ.

ಮೊದಲು ಇಂಧನದ ಖಾತೆ

ಕೈಗಾದ 220 ಮೆಗಾವಾಟಿನ ರಿಯಾಕ್ಟರುಗಳಿಗೆ ಓಡುತ್ತಿರುವಾಗಲೇ ಇಂಧನ ತುಂಬುತ್ತಾರೆ. ಯಂತ್ರವೊಂದು ಕೊಳವೆಯ ಒಂದು ತುದಿಯಿಂದ ಹೊಸ ಕಂತೆ ತಳ್ಳಿದರೆ ಇನ್ನೊಂದು ತುದಿಯಲ್ಲಿ ಹಳತು ಹೊರಬೀಳುತ್ತದೆ. ಕೈಗಾ 1ನೇ ಘಟಕ 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಲು ಇದೂ ಒಂದು ಕಾರಣ. ಹಡಗಿನಲ್ಲಿ ಈ ಅನುಕೂಲ ಇಲ್ಲ. ರಿಯಾಕ್ಟರನ್ನು ಮುಚ್ಚಿ ಭದ್ರಪಡಿಸಿದ ಮೇಲೆ, ಅಮೆರಿಕದ ನಿಮಿಟ್ಸ್ ವರ್ಗದಲ್ಲಿ, ಸುಮಾರು 25 ವರ್ಷ ಅದನ್ನು ಇಂಧನಕ್ಕಾಗಿ ತೆರೆಯುವಂತಿಲ್ಲ. ಫ್ರಾನ್ಸಿನ ಶಾರ್ಲ್ ದ ಗೋಲ್ ಸುಡುವ ಅಂಶ ಕಡಿಮೆ ಇರುವ ಯುರೇನಿಯಂ ಬಳಸುವುದರಿಂದ ಹತ್ತು ವರ್ಷದ ಒಳಗೇ ಮತ್ತೆ ತುಂಬಬೇಕು.

ಖಾತೆ ಬರೆಯುವುದು ವರ್ಷದಲ್ಲಲ್ಲ, ಪೂರ್ಣಶಕ್ತಿಯ ತಾಸುಗಳಲ್ಲಿ. ರಿಯಾಕ್ಟರು ಅರ್ಧ ಶಕ್ತಿಯಲ್ಲಿ ಎರಡು ತಾಸು ಓಡಿದರೆ ಪೂರ್ಣಶಕ್ತಿಯ ಒಂದು ತಾಸು ಖರ್ಚಾದ ಹಾಗೆ. ನಿಜವಾದ ಅಂಕಿಗಳು ಗುಟ್ಟು, ಹಾಗಾಗಿ ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳಿ. ತುಂಬಿದ ಇಂಧನ 10,000 ತಾಸಿಗೆ ಸಾಕು, ಖರ್ಚಾದದ್ದು 8,200. ಉಳಿದದ್ದು 1,800. ವರ್ಷಕ್ಕೆ 180 ದಿನ ಕಡಲಲ್ಲಿದ್ದರೆ 4,320 ತಾಸು. ಸರಾಸರಿ ಶೇ. 20ರ ಶಕ್ತಿಯಲ್ಲಿ ಓಡಿದರೆ ಖರ್ಚು 864. ಮೇಲ್ನೋಟಕ್ಕೆ ಎರಡು ವರ್ಷ ಬರುತ್ತದೆ. ಆದರೆ ಬಂದರಿಗೆ ಮರಳಲು, ಆಪತ್ತಿಗೆ, ಇಂಧನ ತೆಗೆಯುವ ಯಾರ್ಡಿನ ತನಕ ಹೋಗಲು ಒಂದು ಪಾಲು ಮುಟ್ಟದೇ ಇಡಬೇಕು. 1,000 ತಾಸು ಇಟ್ಟರೆ ಕೈಯಲ್ಲಿರುವುದು 800, ಅಂದರೆ ಹನ್ನೊಂದು ತಿಂಗಳು. ಎರಡು ವರ್ಷ ಇದೆ ಎಂದುಕೊಂಡು ಕೂತವರು ಎಡವುವುದು ಇಲ್ಲಿಯೇ.

ಇಂಧನವನ್ನು ಎಳೆದು ಬಳಸಬಹುದು. ನೀರಿನಲ್ಲಿ ಬೇಕಾಗುವ ಶಕ್ತಿ ಸ್ಥೂಲವಾಗಿ ವೇಗದ ಘನದಷ್ಟು ಏರುತ್ತದೆ. 30 ನಾಟಿನಿಂದ 20ಕ್ಕೆ ಇಳಿದರೆ ತಳ್ಳುವ ಶಕ್ತಿ ಶೇ. 30ಕ್ಕೆ ಇಳಿಯುತ್ತದೆ. ಆದರೆ ದೀಪ, ಪಂಪು, ತಂಪುಯಂತ್ರ, ವಿಮಾನ ಎಸೆಯುವ ಕ್ಯಾಟಪಲ್ಟಿನ ಹಬೆ ಇವಾವುವೂ ವೇಗದ ಜೊತೆ ಇಳಿಯುವುದಿಲ್ಲ. ಗಾಳಿ ನಿಂತ ದಿನ ವಿಮಾನ ಏರಿಸಲು ಡೆಕ್ಕಿನ ಮೇಲೆ ಸಾಕಷ್ಟು ಗಾಳಿ ಬರಬೇಕಾದರೆ ಹಡಗು ವೇಗವಾಗಿ ಓಡಲೇಬೇಕು. ಹೀಗಾಗಿ ಉಳಿತಾಯದ ಓಟ ಸಾಗಾಟದ ದಿನಗಳಿಗೆ ಒಗ್ಗುತ್ತದೆ, ಹಾರಾಟದ ದಿನಗಳಿಗೆ ಒಗ್ಗುವುದಿಲ್ಲ.

ಇಂಧನ ಮುದಿಯಾದ ಗುರುತು ಇನ್ನೊಂದಿದೆ. ರಿಯಾಕ್ಟರು ನಿಂತ ಮೇಲೆ ಅಯೋಡಿನ್-135 ಕ್ಷಯಿಸಿ ಕ್ಸೆನಾನ್-135 ಆಗುತ್ತದೆ. ಮೊದಲನೆಯದರ ಅರ್ಧಾಯು ಸುಮಾರು 6.6 ತಾಸು, ಎರಡನೆಯದರದು 9.1. ರಿಯಾಕ್ಟರನ್ನು ಉರಿಸುವ ನ್ಯೂಟ್ರಾನುಗಳನ್ನೇ ಕ್ಸೆನಾನ್ ನುಂಗುತ್ತದೆ. ಪೂರ್ಣಶಕ್ತಿಯಿಂದ ನಿಂತರೆ ಹತ್ತು-ಹನ್ನೊಂದು ತಾಸಿನ ಹೊತ್ತಿಗೆ ಅದರ ಪ್ರಮಾಣ ನೆತ್ತಿಗೇರುತ್ತದೆ. ಹೊಸ ಇಂಧನ ಇದನ್ನು ಮೀರಿ ಮತ್ತೆ ಹೊತ್ತಿಕೊಳ್ಳುತ್ತದೆ. ಮುಗಿಯುತ್ತ ಬಂದ ಇಂಧನಕ್ಕೆ ಆ ಕಸುವಿಲ್ಲ, ಕ್ಸೆನಾನ್ ಕರಗುವ ತನಕ ಕಾಯಬೇಕು. ಯುದ್ಧನೌಕೆಯ ರಿಯಾಕ್ಟರು ಆಕಸ್ಮಿಕವಾಗಿ ನಿಂತು ಒಂದು ದಿನ ಏಳದಿದ್ದರೆ ಏನಾದೀತು, ಯೋಚಿಸಿ. ಖಾತೆಯಲ್ಲಿ ತಾಸು ಉಳಿದಿದ್ದರೂ ಈ ಕಾಯುವ ಹೊತ್ತು ಉದ್ದವಾಗುತ್ತಿದ್ದರೆ ಹಡಗನ್ನು ಮುಂಚೂಣಿಯಿಂದ ಹಿಂದಕ್ಕೆ ತರಬೇಕು.

ನಿಜವಾದ ನಿರ್ಧಾರ ನಡುವಯಸ್ಸಿನಲ್ಲಿ

ನಿಮಿಟ್ಸ್ ವರ್ಗದ ಆಯುಷ್ಯ 50 ವರ್ಷ ಎಂದು ಬರೆದಿರುತ್ತದೆ. ಅದು ಎರಡು ತುಂಬುಗಳ ಆಯುಷ್ಯ. ಮಧ್ಯದಲ್ಲಿ ಒಮ್ಮೆ ಹಡಗನ್ನು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಯಾರ್ಡಿಗೆ ತಂದು ಇಂಧನ ಬದಲಿಸಿ, ಸಾವಿರಾರು ಪಂಪು, ವಾಲ್ವು, ಕೊಳವೆಗಳನ್ನು ಬಿಚ್ಚಿ ಕೂಡಿಸುತ್ತಾರೆ. ಇಡೀ ಆಯುಷ್ಯದ ದುರಸ್ತಿ ಮತ್ತು ಸುಧಾರಣೆಯಲ್ಲಿ ಸುಮಾರು ಶೇ. 35 ಆ ಒಂದೇ ಸಲ ಆಗುತ್ತದೆ. ಹಾಗಾಗಿ ಹಡಗನ್ನು ಬೇಗ ಕಳಿಸುವುದಾದರೆ ಲಾಭದ ಹೊತ್ತು ಇದಕ್ಕಿಂತ ಮೊದಲು. ತುಂಬಿಸಿ ಹತ್ತು ವರ್ಷಕ್ಕೆ ನಿವೃತ್ತಿ ಕೊಟ್ಟರೆ ಹೊಸ ಇಂಧನದ ದೊಡ್ಡ ಪಾಲು ಸುಡದೇ ಹೊರಗೆ ಹೋಗುತ್ತದೆ.

ಅಮೆರಿಕದವರು ಇದನ್ನು ಎರಡು ಸಲ ಯೋಚಿಸಿ ಎರಡೂ ಸಲ ಹಿಂದೆ ಸರಿದರು. 2014ರಲ್ಲಿ ಜಾರ್ಜ್ ವಾಷಿಂಗ್ಟನ್ ಎಂಬ ಹಡಗಿನ ಹೆಸರು ಬಂತು, 2019ರಲ್ಲಿ ಹ್ಯಾರಿ ಟ್ರೂಮನ್ ಹೆಸರು. ಉಳಿಸಿಕೊಂಡ ಜಾರ್ಜ್ ವಾಷಿಂಗ್ಟನ್ 2017ರ ಆಗಸ್ಟಿನಲ್ಲಿ ಯಾರ್ಡಿಗೆ ಹೋಯಿತು. 48 ತಿಂಗಳು ಎಂದಿದ್ದದ್ದು 69 ತಿಂಗಳಾಯಿತು, ಹೊರಬಂದದ್ದು 2023ರ ಮೇ ತಿಂಗಳಲ್ಲಿ. ಅದರ ಹಿಂದೆ ಹೋದ ಜಾನ್ ಸ್ಟೆನಿಸ್ ಕೂಡ ತಡವಾಯಿತು. ಅದರ ಹಬೆ ಟರ್ಬೈನ್ ಜನರೇಟರುಗಳನ್ನು ಬಿಚ್ಚಿದಾಗ ಎಣಿಸಿರದ ಹಾಳು ಕಂಡದ್ದು ಒಂದು ಮುಖ್ಯ ಕಾರಣ.

ಹಳೇ ಹಡಗಿನ ಅಂದಾಜುಪಟ್ಟಿ ಯಾವಾಗಲೂ ಕಮ್ಮಿಯೇ. ಇದು ಗುತ್ತಿಗೆದಾರನ ಕಳ್ಳತನವೇ ಆಗಬೇಕಿಲ್ಲ. ತಗಡಿನ ಹಿಂದೆ, ಕೇಬಲ್ ಗೊಂಚಲಿನ ಒಳಗೆ, ಟರ್ಬೈನಿನ ಹೊಟ್ಟೆಯಲ್ಲಿ ಏನಿದೆ ಎಂಬುದು ತೆರೆದ ಮೇಲೇ ಗೊತ್ತಾಗುವುದು. ವಿಕ್ರಮಾದಿತ್ಯಕ್ಕೆ 2004ರಲ್ಲಿ 97.4 ಕೋಟಿ ಡಾಲರಿಗೆ ಒಪ್ಪಂದವಾಯಿತು, ಕೊನೆಗೆ ಅದು 235 ಕೋಟಿಗೆ ನಿಂತಿತು. ಕಿತ್ತುಹಾಕಿ ಹೊಸದಾಗಿ ಎಳೆಯಬೇಕಾದ ಕೇಬಲ್ಲೇ ಮೊದಲ ಎಣಿಕೆಗಿಂತ ಎಷ್ಟೋ ಹೆಚ್ಚಿತ್ತು. ಮೇಲಿಂದ 2012ರ ಓಟದ ಪರೀಕ್ಷೆಯಲ್ಲಿ ಬಾಯ್ಲರುಗಳ ಒಳಗಿನ ಇಟ್ಟಿಗೆ ಕುಸಿದು ಎಂಟರಲ್ಲಿ ಏಳು ಕೈಕೊಟ್ಟವು. ಆದ್ದರಿಂದ ಪಟ್ಟಿಗೆ ಸಹಿ ಹಾಕುವ ಮೊದಲು ಮೂರು ಜಾಗ ತೆರೆಸಿ ನೋಡಿ: ಒಂದು ಜನರೇಟರು, ಒಂದು ಸಮುದ್ರನೀರಿನ ಕೊಳವೆಯ ಸಾಲು, ತಳದ ಒಂದು ಟ್ಯಾಂಕು. ಮೂರರಲ್ಲೂ ಕೆಲಸ ಪಟ್ಟಿಗಿಂತ ಹೆಚ್ಚಿದ್ದರೆ ಆ ಪಟ್ಟಿಯನ್ನು ಬದಿಗಿಟ್ಟು ಹೊಸದು ಕೇಳಿ.

ಇಷ್ಟೆಲ್ಲ ಆಗಬೇಕಾದದ್ದು ಯಾರ್ಡಿಗೆ ಹೋಗುವ ಐದಾರು ವರ್ಷ ಮೊದಲು. ಇಂಧನ, ದೊಡ್ಡ ವಾಲ್ವು, ಎರಕದ ಭಾಗಗಳು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಮೊದಲೇ ಹೇಳಿ ಮಾಡಿಸಬೇಕು. ಮಾಡಿಸಲು ಹಣ ಕೊಟ್ಟ ಮೇಲೆ "ಬೇಡ" ಎನ್ನುವುದು ಕಷ್ಟ.

ಬದಲಿಸಲಾಗದ ಭಾಗಗಳು

ಪಂಪು ಬದಲಿಸಬಹುದು, ಟರ್ಬೈನಿನ ಅಲಗು ಬದಲಿಸಬಹುದು. ರಿಯಾಕ್ಟರಿನ ದಪ್ಪ ಉಕ್ಕಿನ ಪಾತ್ರೆಯನ್ನು ಬದಲಿಸಿ ಹಡಗು ಓಡಿಸುವವರಿಲ್ಲ. ನ್ಯೂಟ್ರಾನುಗಳ ಹೊಡೆತಕ್ಕೆ ಉಕ್ಕಿನ ಅಣುಗಳು ಜಾಗ ಬಿಟ್ಟು ಸರಿದು ಲೋಹ ಪೆಡಸಾಗುತ್ತದೆ. ಬಾಗುವ ಬದಲು ಬಿರಿಯುವ ಗುಣ ಇನ್ನೂ ಹೆಚ್ಚಿನ ಉಷ್ಣತೆಯಲ್ಲೇ ಶುರುವಾಗುತ್ತದೆ. ಪಾತ್ರೆಯೊಳಗೆ ಇಟ್ಟಿರುವ ಉಕ್ಕಿನ ಮಾದರಿ ತುಂಡುಗಳನ್ನು ಕಾಲಕಾಲಕ್ಕೆ ತೆಗೆದು ಮುರಿದು ನೋಡುವುದು ವಿದ್ಯುತ್ ಸ್ಥಾವರಗಳಲ್ಲಿ ಇದನ್ನು ಅಳೆಯುವ ಕ್ರಮ. ಪೆಡಸು ಹೆಚ್ಚಾದಂತೆ ನಿಧಾನವಾಗಿ ಬಿಸಿ ಮಾಡಬೇಕು, ನಿಧಾನವಾಗಿ ತಣಿಸಬೇಕು. ಬಂದರು ಬಿಡಲು ಬೇಕಾಗುವ ಹೊತ್ತು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕಂತೆ.

ಹಬೆ ಹುಟ್ಟಿಸುವ ಸ್ಟೀಮ್ ಜನರೇಟರಿನಲ್ಲಿ ಸಾವಿರಾರು ಸಪೂರ ಕೊಳವೆಗಳಿವೆ. ಸೋರುವ ಕೊಳವೆಗೆ ಎರಡೂ ಕಡೆ ಬಿರಡೆ ಹಾಕಿ ಬಿಡುತ್ತಾರೆ. ಹಾಕಿದ ಬಿರಡೆಯ ಒಟ್ಟು ಲೆಕ್ಕಕ್ಕಿಂತ ಪ್ರತಿ ತಪಾಸಣೆಗೂ ಎಷ್ಟು ಹೊಸದು ಬಿತ್ತು ಎಂಬುದೇ ಮುಖ್ಯ. 3, 4, 3 ಎಂದು ಸಾಗಿದ್ದು ಏಕಾಏಕಿ 11, 26 ಎಂದಾದರೆ ಅದು ವಯಸ್ಸಲ್ಲ, ರೋಗ.

ಇನ್ನು ಹೊರಮೈ. ಸರಕು ಹಡಗುಗಳಲ್ಲಿ ತಗಡಿನ ದಪ್ಪ ಶೇ. 20-25 ಸವೆದರೆ ಕತ್ತರಿಸಿ ಹೊಸತು ಬೆಸೆಯುವುದು ರೂಢಿ. 20 ಮಿಲಿಮೀಟರಿನದು 15-16ಕ್ಕೆ ಬಂದರೆ ಅದರ ಕಾಲ ಮುಗಿಯಿತು. ಅಲ್ಟ್ರಾಸಾನಿಕ್ ಮಾಪಕದಿಂದ ಅಳೆಯುವವರು ನೀರಿಗೆ ತಾಗುವ ಹೊರಬದಿಯನ್ನೇ ಹೆಚ್ಚು ನೋಡುತ್ತಾರೆ. ಅಲ್ಲಿ ಬಣ್ಣವಿದೆ, ತುಕ್ಕು ತಡೆಯುವ ಸತುವಿನ ತುಂಡುಗಳಿವೆ, ಅದು ಅಷ್ಟು ಬೇಗ ಹಾಳಾಗುವುದಿಲ್ಲ. ತಿನ್ನುವುದು ಒಳಗಿನಿಂದ: ಶೌಚಾಲಯದ ಕೆಳಗಿನ ನೆಲ, ಅಡುಗೆಮನೆಯ ಮೂಲೆ, ತಂಪುಯಂತ್ರದ ನೀರು ಸದಾ ತೊಟ್ಟಿಕ್ಕುವ ಜಾಗ, ತಳದಲ್ಲಿ ಕೊಳಚೆ ನಿಲ್ಲುವ ಬಿಲ್ಜ್, ಸಮುದ್ರನೀರಿನ ಕೊಳವೆ ತಿರುಗುವ ಮೊಣಕೈ. ನಮ್ಮ ಕರಾವಳಿಯ ಜೂನ್-ಜುಲೈ ತೇವದಲ್ಲಿ ಇವಾವುವೂ ಒಣಗುವುದೇ ಇಲ್ಲ. ಅಳತೆಯ ಬಿಂದುಗಳಲ್ಲಿ ಅರ್ಧವಾದರೂ ಇಂಥ ಜಾಗದಲ್ಲಿರಲಿ.

ತೂಕದ ಪುಸ್ತಕವನ್ನು ಕೇಳುವವರು ಕಡಿಮೆ, ಕೇಳಲೇಬೇಕು. ಪ್ರತಿ ದುರಸ್ತಿಯಲ್ಲೂ ರೇಡಾರು, ಕೇಬಲ್ಲು, ಬಣ್ಣದ ಮೇಲೊಂದು ಬಣ್ಣ ಸೇರುತ್ತ ಹಡಗಿನ ಗುರುತ್ವಕೇಂದ್ರ ಮೇಲಕ್ಕೆ ಸರಿಯುತ್ತದೆ. ಅಮೆರಿಕದ ಮಿಡ್‌ವೇ ಹಡಗಿಗೆ 1986ರಲ್ಲಿ ಪಕ್ಕೆಗಳಿಗೆ ಉಬ್ಬು ಕೂಡಿಸಿ ಸರಿಮಾಡಲು ಹೋದಾಗ ಹೊಯ್ದಾಟ ಇನ್ನೂ ಕೆಟ್ಟಿತು. ಮೀಸಲಿಟ್ಟ ತೂಕವೆಲ್ಲ ಮುಗಿದಿದ್ದರೆ ಹೊಸ ಯಂತ್ರ ಕೂರಿಸುವ ಮಾತನ್ನು ಅಲ್ಲಿಗೇ ಬಿಡಿ.

ವಿಮಾನ ಹೋದರೆ ಹಡಗೂ ಹೋಯಿತು

ವಿರಾಟ್ 1959ರಲ್ಲಿ ಬ್ರಿಟನ್ನಿನ ಹರ್ಮೀಸ್ ಆಗಿ ಸೇವೆಗೆ ಬಂದದ್ದು, 1987ರಲ್ಲಿ ನಮ್ಮದಾಯಿತು. ಅದರ ಸೀ ಹ್ಯಾರಿಯರ್ ವಿಮಾನಗಳು 2016ರ ಮೇ ತಿಂಗಳಲ್ಲಿ ಗೋವೆಯಲ್ಲಿ ನಿವೃತ್ತವಾದವು, ಹಡಗು 2017ರ ಮಾರ್ಚ್ 6ರಂದು. ಆ ಡೆಕ್ಕಿಗೆ ಒಗ್ಗುವ ಬೇರೆ ಯುದ್ಧವಿಮಾನ ನಮ್ಮಲ್ಲಿ ಇರಲಿಲ್ಲ. ಅಣು ಹಡಗಿಗೂ ಇದೇ ಪರೀಕ್ಷೆ: ಮುಂದಿನ ಹದಿನೈದು ವರ್ಷ ಹಾರುವ ವಿಮಾನವನ್ನು ಈ ಕ್ಯಾಟಪಲ್ಟು ಎಸೆಯುತ್ತದೆಯೇ, ತಡೆತಂತಿ ಹಿಡಿಯುತ್ತದೆಯೇ, ಲಿಫ್ಟಿನಲ್ಲಿ ಹಿಡಿಸುತ್ತದೆಯೇ, ಬೇಕಾದ ವಿದ್ಯುತ್ತು ಇದೆಯೇ? ಅಮೆರಿಕದ ಹೊಸ ಫೋರ್ಡ್ ವರ್ಗದಲ್ಲಿ ನಿಮಿಟ್ಸ್‌ಗಿಂತ ಸುಮಾರು ಮೂರು ಪಟ್ಟು ವಿದ್ಯುತ್ ಉತ್ಪಾದನೆಯ ಸಾಮರ್ಥ್ಯ ಇಟ್ಟದ್ದು ಸುಮ್ಮನೆ ಅಲ್ಲ. ಹಳೇ ಹಡಗಿಗೆ ಅದನ್ನು ಹಿಂದಿನಿಂದ ಕೂಡಿಸಲಾಗುವುದಿಲ್ಲ.

ಬಿಡಿಭಾಗದ ಮಾತೂ ಇಲ್ಲೇ ಬರಲಿ. 1961ರ ಎಂಟರ್‌ಪ್ರೈಸ್ ಹಡಗಿನಲ್ಲಿ ಎಂಟು ರಿಯಾಕ್ಟರು, ನಿಮಿಟ್ಸ್‌ನಲ್ಲಿ ಎರಡೇ. ಎಂಟರ್‌ಪ್ರೈಸ್‌ನ ವರ್ಗದಲ್ಲಿ ಅದೊಂದೇ ಹಡಗು. ಅದರ ವಾಲ್ವು ಬೇರೆ ಯಾವುದಕ್ಕೂ ಆಗದು, ಅದರಲ್ಲಿ ಪಳಗಿದ ಸಿಬ್ಬಂದಿಯನ್ನು ಬೇರೆಡೆ ಕಳಿಸಿದರೆ ಮತ್ತೆ ಕಲಿಸಬೇಕು. ಒಂಟಿ ಹಡಗು ಜೋಡಿಗಿಂತ ಬೇಗ ಮುದಿಯಾಗುತ್ತದೆ. ನಿಮಿಟ್ಸ್ ವರ್ಗದಲ್ಲಿ ಹತ್ತು ಹಡಗುಗಳಿರುವುದರಿಂದ ಮೊದಲನೆಯದು ಹೋದಾಗ ಉಳಿದ ಒಂಬತ್ತಕ್ಕೆ ಬಿಡಿಭಾಗದ ಗೋದಾಮು ಸಿಕ್ಕಂತೆ.

ತಿಂಗಳಿಗೆ ಎಷ್ಟು ಬಿತ್ತು?

ಎಲ್ಲ ಕಾಗದವೂ ಕೂಡಿದ ಮೇಲೆ ಒಂದೇ ಭಾಗಾಕಾರ ಮಾಡಿ: ಮುಂದಿನ ದುರಸ್ತಿಯ ಖರ್ಚು, ಅದರಿಂದ ಸಿಗುವ ನಿಯೋಜನೆಯ ತಿಂಗಳುಗಳಿಂದ ಭಾಗಿಸಿದರೆ ಎಷ್ಟು? ಬಂದರಿನಲ್ಲಿ ನಿಂತ ತಿಂಗಳು, ತರಬೇತಿಯ ತಿಂಗಳು ಲೆಕ್ಕಕ್ಕಿಲ್ಲ.

ಎಂಟರ್‌ಪ್ರೈಸ್ 2008ರಿಂದ 2010ರ ತನಕ ಕೊನೆಯ ದೊಡ್ಡ ದುರಸ್ತಿಯಲ್ಲಿತ್ತು. ಸುಮಾರು 45 ಕೋಟಿ ಡಾಲರ್ ಎಂದು ಹೊರಟದ್ದು 65 ಕೋಟಿ ಮುಟ್ಟಿತು. ಅದರ ಮೇಲೆ ಸಿಕ್ಕಿದ್ದು ಎರಡು ನಿಯೋಜನೆ, 2011ರಲ್ಲಿ ಆರು ತಿಂಗಳು, 2012ರಲ್ಲಿ ಸುಮಾರು ಎಂಟು. ತಿಂಗಳಿಗೆ 4.6 ಕೋಟಿ ಡಾಲರ್ ಬಿತ್ತು. ಜಾರ್ಜ್ ವಾಷಿಂಗ್ಟನ್‌ಗೆ 2017ರ ಗುತ್ತಿಗೆ 280 ಕೋಟಿ. ಮುಂದಿನ 25 ವರ್ಷದಲ್ಲಿ ಕಾಲು ಭಾಗ ನಿಯೋಜನೆ ಎಂದು ಹಿಡಿದರೆ 75 ತಿಂಗಳು, ತಿಂಗಳಿಗೆ 3.7 ಕೋಟಿ. ಆದರೆ ಎರಡನೆಯದಕ್ಕೆ ಗುತ್ತಿಗೆಯ ಹೊರಗಿನ ಸಾಮಾನು, ನಡುನಡುವೆ ಬರುವ ಡಾಕಿನ ಖರ್ಚು ಸೇರಿಸಿದರೆ ಅಂತರ ಕರಗುತ್ತದೆ. ನಮ್ಮ ಮಟ್ಟಿಗೆ ಎಂಟರ್‌ಪ್ರೈಸ್‌ನ ಆ ದುರಸ್ತಿ ದುಬಾರಿಯಾಗಿತ್ತು, ಆದರೆ ದಂಡವಲ್ಲ. 51ನೇ ವರ್ಷದಲ್ಲಿ ಇನ್ನೊಂದು ಮಾಡಿಸಿದ್ದರೆ ಅದು ದಂಡವಾಗುತ್ತಿತ್ತು, ಏಕೆಂದರೆ 1994ರ ಹೊತ್ತಿಗೆ ತುಂಬಿಸಿದ ಇಂಧನವೇ ಮುಗಿಯುತ್ತ ಬಂದಿತ್ತು.

ಬದಲಿ ಹಡಗು ಎಲ್ಲಿದೆ?

ಇಷ್ಟು ಮಾಡಿಯೂ ಲೆಕ್ಕ ತಲೆಕೆಳಗಾಗುವುದು ಬದಲಿಯ ದಿನಾಂಕದಿಂದ. ಅಮೆರಿಕದಲ್ಲಿ 11 ವಿಮಾನವಾಹಕ ಇರಬೇಕೆಂದು ಕಾನೂನೇ ಇದೆ. ಎಂಟರ್‌ಪ್ರೈಸ್ 2012ರ ಡಿಸೆಂಬರ್ 1ರಂದು ಕೆಲಸ ನಿಲ್ಲಿಸಿತು, ಫೋರ್ಡ್ ಸೇವೆಗೆ ಸೇರಿದ್ದು 2017ರ ಜುಲೈಯಲ್ಲಿ. ನಡುವಿನ ನಾಲ್ಕೂವರೆ ವರ್ಷಕ್ಕೆ ಸಂಸತ್ತಿನಿಂದ ವಿಶೇಷ ವಿನಾಯಿತಿ ಬೇಕಾಯಿತು. 1975ರ ನಿಮಿಟ್ಸ್ 50 ತುಂಬುವ 2025ರಲ್ಲಿ ಹೋಗಬೇಕಿತ್ತು, ಅದನ್ನು ಮುಂದಕ್ಕೆ ಹಾಕಿದರು. ಅತ್ತ ಹೊಸ ಹಡಗು ಜಾನ್ ಕೆನಡಿಯ ಹಸ್ತಾಂತರ 2027ಕ್ಕೆ ಜಾರಿತು. ಫ್ರಾನ್ಸಿನದು ಇನ್ನೂ ಬಿಗಿ: ಇರುವುದೇ ಒಂದು, ಬದಲಿ 2038ರ ಸುಮಾರಿಗೆ. 2017-18ರಲ್ಲಿ ಅದು 18 ತಿಂಗಳು ಡಾಕಿನಲ್ಲಿದ್ದಾಗ ಅವರಿಗೆ ವಿಮಾನವಾಹಕವೇ ಇರಲಿಲ್ಲ.

ನಮಗೂ ಇದರ ರುಚಿ ಗೊತ್ತು. ವಿರಾಟ್ ಹೋದ 2017ರ ಮಾರ್ಚಿನಿಂದ ವಿಕ್ರಾಂತ ಬಂದ 2022ರ ಸೆಪ್ಟೆಂಬರ್ 2ರ ತನಕ ವಿಕ್ರಮಾದಿತ್ಯ ಒಂದೇ. ಅದು ದುರಸ್ತಿಗೆ ಹೋದರೆ ಸೊನ್ನೆ. ಕಾರವಾರದಲ್ಲಿ ನೌಕಾನೆಲೆ ಇದ್ದರೂ ಇಲ್ಲಿನ ಶಿಪ್ ಲಿಫ್ಟ್ ಎತ್ತುವುದು 10,000 ಟನ್, ವಿಕ್ರಮಾದಿತ್ಯ 44,500 ಟನ್. ಹಾಗಾಗಿ ತಳ ನೋಡಬೇಕಾದರೆ ಬೇರೆ ಊರಿಗೇ ಹೋಗಬೇಕು. 2024ರ ನವೆಂಬರಿನಲ್ಲಿ ಸಹಿಯಾದ 1,207.5 ಕೋಟಿ ರೂಪಾಯಿಯ ದುರಸ್ತಿ ಕೊಚ್ಚಿಯ ಕೊಚ್ಚಿನ್ ಶಿಪ್‌ಯಾರ್ಡಿನದು. ಅಲ್ಲಿನ ಹೊಸ ಡಾಕಿನ ಉದ್ದ 310 ಮೀಟರು. 284 ಮೀಟರಿನ ವಿಕ್ರಮಾದಿತ್ಯ ಅದರಲ್ಲಿ ಹಿಡಿಸುತ್ತದೆ, 333 ಮೀಟರಿನ ನಿಮಿಟ್ಸ್ ಹಿಡಿಸುವುದಿಲ್ಲ. ಯಾವ ಹಡಗಿನ ಆಯುಷ್ಯ ಹೆಚ್ಚಿಸುವ ಮಾತು ಬಂದರೂ ಆ ವರ್ಷ, ಆ ತಿಂಗಳು ಖಾಲಿ ಇರುವ ಡಾಕು ಯಾವುದು ಎಂದು ಮೊದಲು ಕೇಳಿ.

ನಿಯಮ ಸರಳ: ಬದಲಿ ಹಡಗಿನ ಘೋಷಿತ ದಿನಾಂಕವನ್ನು ನಂಬಿ ಹಳತನ್ನು ಬಿಡಬೇಡಿ. ಬದಲಿ ಹಡಗು ತನ್ನದೇ ವಿಮಾನಗಳೊಂದಿಗೆ ಮೊದಲ ನಿಯೋಜನೆ ಮುಗಿಸಿದ ದಿನವನ್ನು ಹಿಡಿಯಿರಿ. ಇಂಧನದ ಖಾತೆ ಅಲ್ಲಿಯ ತನಕ ಬರದಿದ್ದರೆ ಆ ಕೊರತೆಯನ್ನು ಮುಚ್ಚಿಡದೆ ಸರ್ಕಾರಕ್ಕೆ ಬರೆದು ತಿಳಿಸಿ.

ಗುಜರಿಯ ಖರ್ಚು ಮೊದಲೇ ಬರೆಯಿರಿ

ಸಾಮಾನ್ಯ ಹಡಗು ಹೋಗುವಾಗ ನಾಲ್ಕು ಕಾಸು ಕೊಟ್ಟು ಹೋಗುತ್ತದೆ. ವಿರಾಟ್ 38.54 ಕೋಟಿ ರೂಪಾಯಿಗೆ ಮಾರಾಟವಾಗಿ ಗುಜರಾತಿನ ಅಲಂಗಿನಲ್ಲಿ ತುಂಡಾಯಿತು. ಅಮೆರಿಕದ ಕಿಟಿ ಹಾಕ್‌ನಂಥ ತೈಲದ ಹಡಗನ್ನು ಒಂದು ಸೆಂಟಿಗೆ ಕೊಟ್ಟು ಕೈತೊಳೆದುಕೊಂಡರು. ಅಣು ಹಡಗು ಹೋಗುವಾಗ ಕೇಳುತ್ತದೆ. ಎಂಟರ್‌ಪ್ರೈಸ್‌ನ ಇಂಧನ ತೆಗೆದು, ವ್ಯವಸ್ಥೆಗಳನ್ನು ಬರಿದು ಮಾಡಿ, ಹೆಸರು ತೆಗೆದದ್ದು 2017ರ ಫೆಬ್ರವರಿ 3ರಂದು, ಅಂದರೆ ಓಟ ನಿಂತ ನಾಲ್ಕು ವರ್ಷದ ಮೇಲೆ. ಒಡೆಯುವ ಗುತ್ತಿಗೆ ಆದದ್ದು 2025ರಲ್ಲಿ, 53.67 ಕೋಟಿ ಡಾಲರಿಗೆ. ಅಲಬಾಮಾದ ಮೊಬೀಲ್‌ನಲ್ಲಿ 2029ರ ಹೊತ್ತಿಗೆ ಮುಗಿಸಬೇಕೆಂಬ ಯೋಜನೆ. ಸುಟ್ಟ ಇಂಧನ ಐಡಹೋ ರಾಜ್ಯದ ನೌಕಾ ಕೇಂದ್ರಕ್ಕೆ ರೈಲಿನಲ್ಲಿ ಹೋಗುತ್ತದೆ.

ವಿಕಿರಣವೇ ಇಲ್ಲದ ಹಡಗುಗಳೂ ಕಾಗದ ಸರಿಯಿಲ್ಲದೆ ಅಲೆದಿವೆ. ಕಲ್ನಾರಿನ ಕಾರಣಕ್ಕೆ ಫ್ರಾನ್ಸಿನ ಹಳೇ ವಿಮಾನವಾಹಕ ಕ್ಲೆಮೆನ್ಸೋ 2006ರಲ್ಲಿ ಅಲಂಗಿನ ದಾರಿಯಿಂದ ಫ್ರಾನ್ಸಿಗೆ ಮರಳಿತು. ಅದರ ಜೊತೆಗಾತಿ ಫೋಶ್ ಬ್ರೆಜಿಲ್‌ನ ಸಾವ್ ಪಾಲೊ ಆಗಿ, ತುರ್ಕಿ ಬೇಡ ಎಂದ ಮೇಲೆ 2023ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿಸಲ್ಪಟ್ಟಿತು. ಹಾಗಾಗಿ ಕಲ್ನಾರು, ವಿಷದ ಬಣ್ಣ, ಎಣ್ಣೆ ಎಲ್ಲಿ ಎಷ್ಟಿದೆ ಎಂಬ ಪಟ್ಟಿಯನ್ನು ಹಡಗು ಓಡುತ್ತಿರುವಾಗಲೇ, ಅದರ ಒಳಹೊರಗು ಬಲ್ಲ ಸಿಬ್ಬಂದಿ ಇರುವಾಗಲೇ ಬರೆಸಿ.

"ಟಾಗೋರ್ ಕಡಲತೀರದ ಚಪಲ್ ಹಾಗೆ ಸಂಗ್ರಹಾಲಯ ಮಾಡಬಾರದೇ?" ಎಂಬ ಮಾತು ಬಂದೇ ಬರುತ್ತದೆ. ಚಪಲ್ ಚಿಕ್ಕ ಕ್ಷಿಪಣಿ ದೋಣಿ, ದಡದ ಮೇಲೇ ಕೂತಿದೆ. ಹಳೇ ವಿಕ್ರಾಂತ 1997ರಲ್ಲಿ ನಿವೃತ್ತವಾಗಿ ಮುಂಬಯಿಯಲ್ಲಿ ಸಂಗ್ರಹಾಲಯವಾಗಿ ತೇಲಿತು, ತಳ ಉಳಿಸುವ ಖರ್ಚು ಹೊರಲಾರದೆ 2014ರಲ್ಲಿ ಗುಜರಿಗೆ ಹೋಯಿತು. ಅಣು ಹಡಗಿನಲ್ಲಿ ರಿಯಾಕ್ಟರಿನ ಕೋಣೆ ತೆಗೆಯಲು ಡೆಕ್ಕುಗಳನ್ನೂ ಒಡಲನ್ನೂ ಕತ್ತರಿಸಬೇಕು. ಆಮೇಲೆ ತೋರಿಸಲು ಹಡಗು ಉಳಿಯುವುದಿಲ್ಲ.

ಉಳಿಯುವುದು ಬಿಡಿಭಾಗ. ಎಂಟರ್‌ಪ್ರೈಸ್‌ನ ಒಂದು ಲಂಗರು ಅಬ್ರಹಾಂ ಲಿಂಕನ್ ಹಡಗಿಗೆ ಹೋಯಿತು, ಅದರ ಉಕ್ಕಿನ ಒಂದಷ್ಟನ್ನು ಕರಗಿಸಿ ಅದೇ ಹೆಸರಿನ ಹೊಸ ಹಡಗಿಗೆ ಹಾಕಿದರು. ಯಾವ ಪಂಪು ಯಾರಿಗೆ, ಯಾವ ವಾಲ್ವು ಗೋದಾಮಿಗೆ ಎಂಬ ಪಟ್ಟಿ ಕೊನೆಯ ನಿಯೋಜನೆಗೆ ಹೊರಡುವ ಮೊದಲೇ ಸಿದ್ಧವಿರಲಿ, ಪ್ರತಿ ಭಾಗಕ್ಕೂ ಚೀಟಿ ಬಿದ್ದಿರಲಿ. ವಿದ್ಯುತ್ತು ಕಡಿದು ಗಾಳಿಯಂತ್ರ ನಿಂತ ಮೇಲೆ ಒಳಗಿನ ಕೋಣೆಗಳಿಗೆ ಇಳಿಯಬೇಕಾದರೆ ಗಾಳಿಯ ಪರೀಕ್ಷೆ, ಕಾವಲುಗಾರ, ಕೈದೀಪ ಬೇಕು. ಆಗ ಒಂದು ವಾಲ್ವು ಹುಡುಕಿ ಬಿಚ್ಚಲು ಇಡೀ ದಿನ ಹೋಗುತ್ತದೆ.